ತಾರಸಿಯ ಮೇಲೆ ಬಿಟ್ಟ ಬಿಸಿಲು

ಯಾರೊಡನೆ ಮಾತನಾಡುತ್ತಿದ್ದರೂ ರೇವಣಸಿದ್ದಪ್ಪನವರ ಕಣ್ಣು ಎದುರಿಗಿದ್ದವರ ಮುಖವನ್ನು ಬಿಟ್ಟು, ಮೆಲ್ಲನೆ ಮೇಲಕ್ಕೇರಿ, ಛಾವಣಿಯಲ್ಲಿ ನೆಲೆಸುತ್ತಿತ್ತು. ಹೊಳಲ್ಕೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವರಾದ್ದರಿಂದ ಕೆಲವರು ಅದನ್ನು ಚಿಂತನೆಯೆಂದರು, ಕೆಲವರು ಜಂಬವೆಂದರು. ಎರಡೂ ಅಲ್ಲ, ಅದು ಆಲಿಸುವವನ ಕಣ್ಣು. ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಲೇ ಓಣಿಯ ಹೆಂಗಸರು ಹೊರಗಿನ ಮೆಟ್ಟಿಲು ಹತ್ತಿ ಇವರ ಮನೆಯ ತಾರಸಿಯ ಮೇಲೆ ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಒಣಹಾಕುತ್ತಿದ್ದರು. ಉಳಿದ ಕಾಲವೆಲ್ಲ ಇವರ ಕಿವಿ ಆ ದಿನಗಳ ನಿರೀಕ್ಷೆಯಲ್ಲಿರುತ್ತಿತ್ತು.

ಈ ಪದ್ಧತಿ ತಾಯಿ ಬಸಮ್ಮನ ಕಾಲದ್ದು. ಆಕೆ ತೀರಿಕೊಂಡ ಮೇಲೂ ಹೆಂಗಸರು ಬರುವುದನ್ನು ನಿಲ್ಲಿಸಲಿಲ್ಲ. ಮದುವೆಯಾಗದೆ ಒಬ್ಬಂಟಿಯಾಗಿ ಉಳಿದ, ನಲವತ್ತೈದರ ಆಸುಪಾಸಿನ ಮಗನನ್ನು ಒಂದು ಮಾತು ಕೇಳಬೇಕೆಂದು ಅವರಿಗೆ ಅನಿಸಲೂ ಇಲ್ಲ. ಅವರು ಮೇಲಿದ್ದಾಗ ರೇವಣಸಿದ್ದಪ್ಪ ಒಮ್ಮೆಯೂ ಮೆಟ್ಟಿಲು ಹತ್ತಿದವರಲ್ಲ. ಕೆಳಗೆ ಪುಸ್ತಕ ತೆರೆದು ಕುಳಿತು, ಪುಟ ತಿರುಗಿಸುವುದನ್ನು ಮರೆತು, ಬಳೆಗಳ ನಾದ, ಚಾಪೆ ಎಳೆಯುವ ಸದ್ದು, ಪಕ್ಕದ ಮನೆಯ ಉಚ್ಚಂಗೆಮ್ಮನ ಭಾರವಾದ ಹೆಜ್ಜೆ, ಯಾರದೋ ಸೊಸೆಯ ಮೇಲಿನ ದೂರು, ಎಲ್ಲವನ್ನೂ ಮನೆಗೆ ಬಂದ ನೆಂಟರಂತೆ ಬರಮಾಡಿಕೊಳ್ಳುತ್ತಿದ್ದರು. ಕಾಗೆ ಬೆದರಿಸಲೆಂದು ಹೆಂಗಸರು ಕೋಲಿಗೆ ಸಿಕ್ಕಿಸಿದ್ದುದು ಇವರದೇ ಹಳೆಯ ಕರಿ ಕೋಟು. ಇಳಿಯುವ ಮುನ್ನ ಉಚ್ಚಂಗೆಮ್ಮ ಅದಕ್ಕೆ, "ಮೇಷ್ಟ್ರೇ, ಕಾಗಿ ಬಂದಾವು, ಕಣ್ಣು ಬಿಟ್ಕಂಡು ನೋಡ್ಕಳ್ರಿ!" ಎಂದು ಅಪ್ಪಣೆ ಕೊಡುವಳು, ಮೇಲೆ ನಗೆ ಏಳುವುದು. ಕೆಳಗೆ ಇವರು ಯಾರಿಗೂ ಕೇಳದಂತೆ "ಹ್ಞೂಂ" ಎನ್ನುವರು.

ಬೆಳಕು ತಾಗಿದರೆ ಎಲೆಕ್ಟ್ರಾನು ಕದಲುತ್ತದೆ ಎಂದು ವರ್ಷ ವರ್ಷವೂ ಹಲಗೆಯ ಮೇಲೆ ಬರೆದ ಮನುಷ್ಯನಿಗೆ, ಅದು ತನ್ನ ನೆತ್ತಿಯ ಮೇಲೂ ಕದಲಲಿ ಎಂಬ ಆಸೆ ಹುಟ್ಟಿದ್ದು ಸಹಜವೇ. ಆದರೆ ಸೋಲಾರ್ ಕಂಪನಿಯ ಕರಪತ್ರವನ್ನು ನಂಬುವ ಜಾತಿ ಅವರದಲ್ಲ. "ಇರಬಹುದು, ಅಳೆದು ನೋಡಾಣ" ಎಂಬುದು ಅವರ ನಾಲಗೆಗೆ ಅಂಟಿದ ಮಾತು. ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಸಹೋದ್ಯೋಗಿ ಗೊಣಗಿದರೂ ಅದೇ ಉತ್ತರ. ಫಲಕ ಕೂರಿಸುವವರು ಬರುವ ಮೊದಲು ತಾರಸಿಯ ಮೇಲೆ ನೆರಳು ಎಲ್ಲೆಲ್ಲಿ ಬೀಳುತ್ತದೆಂದು ತಾವೇ ತಿಳಿಯಬೇಕೆಂದು, ಹೆಂಗಸರು ಬಾರದ ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಸೀಮೆಸುಣ್ಣ ಹಿಡಿದು, ನೀರಿನ ಟ್ಯಾಂಕಿನ ನೆರಳು, ಪ್ಯಾರಪೆಟ್ ಗೋಡೆಯ ನೆರಳು, ಪಕ್ಕದ ತೆಂಗಿನ ಗರಿಯ ನೆರಳುಗಳ ಅಂಚನ್ನು ಗಂಟೆಗೊಮ್ಮೆ ಗುರುತಿಸಿದರು. ಹೊತ್ತು ಮುಳುಗುವಾಗ ತಾರಸಿಯ ತುಂಬ ಒಂದರ ಮೇಲೊಂದು ಹಾಯ್ದ ಬಿಳಿಯ ಗೆರೆಗಳು.

ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಹೆಜ್ಜೆಗಳು ಕೇಳಿಸಿದವು. ಮೇಲೆ ಹೋಗಿ ನಿಂತವು. ಪಿಸುಮಾತೊಂದು ಹರಿಯಿತು. ಹೆಜ್ಜೆಗಳು ಇಳಿದವು. ಆಮೇಲೆ ಯಾರೂ ಬರಲಿಲ್ಲ.

ಮೋಡವಿರಬಹುದು ಎಂದುಕೊಂಡರು ರೇವಣಸಿದ್ದಪ್ಪ; ಬಿಸಿಲು ಉರಿಯುತ್ತಿತ್ತು. ಮಕ್ಕಳ ಪರೀಕ್ಷೆ ಇರಬಹುದು, ಯಾರದೋ ಮನೆಯಲ್ಲಿ ಮದುವೆ ಇರಬಹುದು. ಹೀಗೆ ಒಂದೊಂದಾಗಿ ಊಹೆಯನ್ನು ಹೂಡಿ ಒಂದೊಂದನ್ನೇ ಕೆಡವುತ್ತ ಹೋದವರು, ಪಕ್ಕದ ಮನೆಯ ಬಾಗಿಲಿಗೆ ಹೋಗಿ ಕೇಳುವ ಅತಿ ಸರಳ ಪ್ರಯೋಗವನ್ನು ಮಾತ್ರ ಮಾಡಲಿಲ್ಲ. ಸಂಜೆಗಳು ಸದ್ದಿಲ್ಲದೆ ಉದ್ದವಾದವು. ಮಾತು ಮುಗಿದ ಮನೆಯಲ್ಲಿ ಗಡಿಯಾರವೂ ಕೆಮ್ಮಿದಂತೆ ಕೇಳುತ್ತದೆ.

ಈ ನಡುವೆ ಚಿತ್ರದುರ್ಗದಿಂದ ಸ್ಥಳ ನೋಡಲು ನಿರಂಜನ್ ಎಂಬ ತರುಣ ಇಂಜಿನಿಯರು ಬಂದ. ಗೆರೆಗಳನ್ನು ಕಂಡು ನಕ್ಕ. "ಇಷ್ಟೆಲ್ಲ ಯಾಕ್ ಕಷ್ಟ ಬಿದ್ರಿ ಸಾರ್, ಮೊಬೈಲೇ ಹೇಳ್ತೈತೆ." ಟೇಪು ಎಳೆದು ದಕ್ಷಿಣದ ಅರ್ಧದಲ್ಲಿ ನಿಂತ. "ಇದೇ ಜಾಗ. ನೆರಳೇ ಇಲ್ಲ. ಇಲ್ಲಿಂದ ಅಲ್ಲಿ ತನಕ ತುಂಬಿಸಾಣ."

ಹೆಂಗಸರು ಚಾಪೆ ಹಾಸುತ್ತಿದ್ದುದೂ ಅಲ್ಲಿಯೇ. ಒಳ್ಳೆಯ ಬಿಸಿಲು ಯಾವುದೆಂಬುದರಲ್ಲಿ ಉಪಕರಣಕ್ಕೂ ಉಚ್ಚಂಗೆಮ್ಮನಿಗೂ ಭಿನ್ನಾಭಿಪ್ರಾಯವಿರಲಿಲ್ಲ.

"ಇದನ್ನ ಬಿಟ್ಟು ಹಾಕಿದ್ರೆ?" ಎಂದರು ರೇವಣಸಿದ್ದಪ್ಪ.

"ಟ್ಯಾಂಕ್ ಪಕ್ಕಕ್ಕೆ ಸರಿಸಿ ಉತ್ತರದ ಕಡೆ ಹಾಕ್ಬೇಕು. ಪ್ಯಾನಲ್ಲು ಅರ್ಧಕ್ಕರ್ಧ ಕಮ್ಮಿ ಆಗ್ತಾವೆ ಸಾರ್. ಈ ಕಡೆ ಏನ್ ಮಾಡ್ತೀರಿ?"

"ನಾನೇನೂ ಮಾಡಲ್ಲ."

"ಮತ್ತೆ?"

"ಉತ್ತರಕ್ಕೇ ಹಾಕ್ರಿ" ಎಂದಷ್ಟೇ ಹೇಳಿದರು. ಎದುರು ಸಿಕ್ಕಿದ್ದನ್ನೆಲ್ಲ ಅಳೆದ ಮನುಷ್ಯ ಬದುಕಿನಲ್ಲಿ ಮೊದಲ ಬಾರಿಗೆ ಕಾರಣ ಕೊಡದೆ ನಷ್ಟವೊಂದನ್ನು ಒಪ್ಪಿಕೊಂಡಿದ್ದರು.

ಅಂದು ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಉಚ್ಚಂಗೆಮ್ಮನ ಬಾಗಿಲಲ್ಲಿ ನಿಂತರು. ಆಕೆ ಕಟ್ಟೆಯ ಮೇಲೆ ಶೇಂಗಾಕಾಯಿ ಸುಲಿಯುತ್ತಿದ್ದಳು.

"ಏನಪ್ಪ ರೇವಣ್ಣ, ದಾರಿ ತಪ್ಪಿತೇನು? ಬಾ, ಕುಂತ್ಕ."

ಕೂರಲಿಲ್ಲ. ಆಕೆಯ ಮನೆಯ ಸೂರನ್ನು ನೋಡುತ್ತ, "ಪ್ಯಾನಲ್ಲು ಉತ್ತರದ ಕಡೆ ಬರ್ತಾವೆ ಅವ್ವಾ. ಸಂಡಿಗೆ ಕಾಲದಾಗೆ ಅದರ ನೆರಳು ಇನ್ನೂ ಉತ್ತರಕ್ಕೇ ಬೀಳ್ತೈತೆ. ದಕ್ಷಿಣದ್ದು ಪೂರ್ತಿ ಖಾಲಿ" ಎಂದರು.

"ಅದನ್ನ ನನಗ್ಯಾಕ್ ಹೇಳ್ತೀಯಪ್ಪ? ನೀನೇ ಅಲ್ವ ತಾರ್ಸಿ ತುಂಬ ಗೆರೆ ಎಳ್ದಿದ್ದು?"

"ಅದು ನೆರಳು ಅಳೆಯಾಕೆ..."

"ನಿಮ್ಮವ್ವ ಇದ್ದಾಗ ಜಾಗಕ್ಕೆ ಜಗಳ ಆಗಿ ಆಯಮ್ಮನೇ ನೇಮ ಮಾಡಿದ್ಲು. ಹಿಂದಿನ ದಿನ ಯಾರು ಗೆರೆ ಎಳೀತಾರೋ ಮಾರನೆ ದಿನದ ಬಿಸಿಲು ಅವರ್ದು, ಇನ್ನೊಬ್ರು ದಾಟಂಗಿಲ್ಲ. ಮೂಲಿ ಮೂಲಿನೂ ಬಿಡದಂಗೆ ಎಳ್ದಿದ್ಯಲ್ಲ, ಬರಬ್ಯಾಡ್ರಿ ಅಂದಂಗಾಯ್ತು. ಬಿಡು, ಅವನ ಮನೆ, ಅವನಿಷ್ಟ ಅಂದ್ಕಂಡ್ವಿ."

ತಾರಸಿಯ ಮೇಲೆ ಆಗೀಗ ಕಂಡ ಮಾಸಿದ ಗೆರೆಗಳನ್ನು ಅವರು ಇಷ್ಟು ಕಾಲ ಮಕ್ಕಳ ಕುಂಟೆಬಿಲ್ಲೆಯೆಂದು ತಿಳಿದಿದ್ದರು. ಅಳೆದು ನೋಡದೆ ನಂಬಿದ್ದು ಅದೊಂದೇ.

ಉಚ್ಚಂಗೆಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದಳು. "ಈಗ ಬರ್ರಿ ಅಂತ ಕರೆಯಾಕ್ ಬಂದೀಯೋ, ಪಾಠ ಒಪ್ಪಿಸಾಕ್ ಬಂದೀಯೋ?"

ಒಂದು ಪದ ಸಾಕಾಗಿತ್ತು. ಅದು ಗಂಟಲವರೆಗೆ ಬಂದು, ಅಲ್ಲಿಂದ ಬೇರೆಯೇ ರೂಪ ತಾಳಿ ಹೊರಬಿತ್ತು: "ಬಿಸಿಲು ಚೆನ್ನಾಗೈತೆ ಅವ್ವಾ."

"ಬಿಸಿಲು ಊರಿಗೆಲ್ಲ ಐತೆ ಬಿಡಪ್ಪ" ಎಂದಳು ಆಕೆ, ಕೋಪವಿಲ್ಲದೆ. "ಈ ವರ್ಷದ್ದು ಓಣಿ ಕೊನೆ ಹೇಮಾವತಿ ಮನೆ ಮ್ಯಾಲೆ ಹಾಕಿ ಮುಗಿಸಿದ್ವಿ."

ಫಲಕಗಳು ಬಂದವು, ಉತ್ತರಾರ್ಧದಲ್ಲಿ ಕುಳಿತವು, ಹೇಳಿದಷ್ಟು ವಿದ್ಯುತ್ತನ್ನು ಕೊಡತೊಡಗಿದವು. ದಕ್ಷಿಣಾರ್ಧವನ್ನು ರೇವಣಸಿದ್ದಪ್ಪ ಪ್ರತಿ ಭಾನುವಾರ ತಾವೇ ಗುಡಿಸುತ್ತಾರೆ. ಒಂದು ಗೆರೆಯೂ ಅಲ್ಲಿ ಉಳಿಯಗೊಡುವುದಿಲ್ಲ.

ಲೋಕದಲ್ಲಿ ಇಂಥವರದೊಂದು ಕುಲವಿದೆ. ಅಕ್ಕರೆಯೆಂದರೆ ಇತರರಿಗಾಗಿ ಜಾಗ ಬಿಡುವುದೆಂದು ಅವರು ಬಲ್ಲರು. ಅದಕ್ಕಾಗಿ ತಮ್ಮದನ್ನು ಕಳೆದುಕೊಳ್ಳಲೂ ಹಿಂಜರಿಯರು. ಆದರೆ ಬಿಟ್ಟ ಜಾಗಕ್ಕೆ ಬಾಯಿಲ್ಲ, ಅದರ ಪರವಾಗಿ ತಾವೇ ಬಾಯಿ ತೆರೆಯಬೇಕು ಎಂಬುದನ್ನು ಯಾವ ಶಾಸ್ತ್ರವೂ ಅವರಿಗೆ ಕಲಿಸಿರುವುದಿಲ್ಲ. ಹೀಗಾಗಿ ಊರೂರಿನಲ್ಲಿ ಯಾರಿಗಾಗಿಯೋ ಮೀಸಲಿಟ್ಟ ಜಾಗಗಳು ಬಿಸಿಲು ಕಾಯುತ್ತ ಬಿದ್ದಿರುತ್ತವೆ, ಮತ್ತು ನೋಡಿದವರ ಕಣ್ಣಿಗೆ ಅವು ಬರಿದೇ ಖಾಲಿ ಜಾಗಗಳಾಗಿ ಕಾಣುತ್ತವೆ.