ಕಿಕ್ ಮುಗಿಯುವ ತನಕ

ಮ್ಯಾಲಕಿ ಟೂಹಿ ಆ ವರ್ಷ ಯುರೋಪಿಯನ್ ರಗ್ಬಿ ಕಪ್ಪಿನ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಆದರೂ ಯಾರು ಯಾರಿಗೆ ಚೆಂಡು ಕೊಟ್ಟರು, ಯಾರು ಗೆರೆ ದಾಟಿದರು ಎಂದು ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಅಕ್ಟೋಬರಿನಿಂದ ಏಪ್ರಿಲಿನ ತನಕ ಅವನು ನೋಡಿದ್ದು ಮಗನ ತಲೆಯೊಂದನ್ನೇ. ಹತ್ತನೇ ನಂಬರಿನ ಕೆಂಪು ಅಂಗಿಯ ಮೇಲೆ ಆ ತಲೆ ನೆಟ್ಟಗಿದೆಯೋ ಇಲ್ಲವೋ, ಅಷ್ಟೇ.

ಹಿಂದೆ ಹೀಗಿರಲಿಲ್ಲ. ಐರ್ಲೆಂಡಿನ ಲಿಮರಿಕ್‌ನಲ್ಲಿ ಸಿಟಿ ಬಸ್ಸು ಓಡಿಸುವ ಮ್ಯಾಲಕಿ, ಮೂವತ್ತನಾಲ್ಕು ವರ್ಷ ಮೈದಾನದ ಪೂರ್ವದ ಮೆಟ್ಟಿಲುಗಳ ಮೇಲೆ ಒಂದೇ ಕಂಬಿಗೆ ಒರಗಿ ನಿಂತು ಕೆಂಪು ತಂಡಕ್ಕಾಗಿ ಗಂಟಲು ಹರಿದುಕೊಂಡವನು. 'ಫಾದರ್ ಶ್' ಎಂಬ ಅಡ್ಡಹೆಸರು ಅವನಿಗೆ ಬಿದ್ದದ್ದೂ ಅಲ್ಲೇ. ನಮ್ಮ ಮೈದಾನದ ಕಟ್ಟಳೆ ಅದು: ಕಂಬಗಳ ನಡುವೆ ಚೆಂಡು ಹಾಯಿಸಲು ಯಾರೇ ನಿಲ್ಲಲಿ, ನಮ್ಮವನಿರಲಿ ಎದುರಾಳಿ ಇರಲಿ, ಅವನ ಕಾಲು ಚೆಂಡಿಗೆ ತಾಗುವ ತನಕ ಇಪ್ಪತ್ತಾರು ಸಾವಿರ ಜನ ತುಟಿ ಪಿಟಕ್ಕೆನ್ನಬಾರದು. ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ಹೊರಗಿನವರು ಯಾರಾದರೂ ಅರಿಯದೆ ಬಾಯಿ ಬಿಟ್ಟರೆ ಮ್ಯಾಲಕಿ ತಿರುಗಿ, ತುಟಿಯ ಮೇಲೆ ಬೆರಳಿಟ್ಟು 'ಶ್' ಎನ್ನುತ್ತಿದ್ದ. ಒಮ್ಮೆ ಬಿಷಪ್ಪರಿಗೇ ಹಾಗೆಂದಿದ್ದಾನೆ ಎಂದು ಅವನ ಪಕ್ಕದಲ್ಲೇ ನಿಲ್ಲುವ ಗೆಳೆಯ ಪ್ಯಾಕಿ ಹೇಳುತ್ತಾನೆ. ಪ್ಯಾಕಿಯ ಮಾತಿನಲ್ಲಿ ಅರ್ಧ ಕಳೆಯಬೇಕು, ಉಳಿದದ್ದು ನಿಜವಿರುತ್ತದೆ.

ಇಂಥವನ ಮಗ ಲೋರ್ಕನ್, ಇಪ್ಪತ್ಮೂರರ ಹುಡುಗ, ಆ ವರ್ಷ ಕೆಂಪು ತಂಡದ ಹತ್ತನೇ ನಂಬರಿನವನಾದ. ಕಿಕ್ ಹೊಡೆಯುವವನೂ ಅವನೇ. ಮ್ಯಾಲಕಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವನ ಬಸ್ಸಿಗೆ ಹತ್ತಿದವರೆಲ್ಲ ಟಿಕೆಟಿನ ಜೊತೆ ಮಗನ ಸುದ್ದಿಯನ್ನೂ ತೆಗೆದುಕೊಂಡು ಇಳಿಯಬೇಕಾಗಿತ್ತು.

ಅಕ್ಟೋಬರಿನಲ್ಲಿ ಕಪ್ಪಿನ ಮೊದಲ ಪಂದ್ಯ. ಎದುರಾಳಿಯೊಬ್ಬನನ್ನು ಕೆಡವಲು ಹೋದಾಗ ಅವನ ಮೊಣಕಾಲು ಲೋರ್ಕನ್‌ನ ಕಪಾಳದ ಮೇಲ್ಭಾಗಕ್ಕೆ ಬಡಿಯಿತು. ಎದ್ದ, ಆಡಿದ, ತಂಡ ಗೆದ್ದಿತು. ಅಪ್ಪ ಮಗ ಕಾರಿನಲ್ಲಿ ಮನೆಗೆ ಹೊರಟರು. ನದಿಯ ಸೇತುವೆ ಬಂದಾಗ ಲೋರ್ಕನ್ ಕೇಳಿದ:

"ಅಪ್ಪ, ಯಾರು ಗೆದ್ದಿದ್ದು?"

"ಏನ್ ತಮಾಷೆನೋ? ನಾವೇ ಕಣೋ. ನೀನೇ ಹದಿನಾಲ್ಕು ಪಾಯಿಂಟು ಹೊಡ್ದೆ."

ಸೇತುವೆ ದಾಟುವಷ್ಟರಲ್ಲಿ ಮತ್ತೆ ಕೇಳಿದ. ದಾಟಿದ ಮೇಲೆ ಇನ್ನೊಮ್ಮೆ. ಮೂರನೇ ಸಲ ಮ್ಯಾಲಕಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಫೋನ್ ತೆಗೆದ.

"ಈಗ್ಲೇ ಡಾಕ್ಟ್ರಿಗೆ ಫೋನ್ ಮಾಡ್ತೀನಿ."

"ಬೇಡ ಅಪ್ಪ, ನಿನ್ ಕಾಲಿಗೆ ಬೀಳ್ತೀನಿ. ಡಾಕ್ಟ್ರಿಗೆ ಗೊತ್ತಾದ್ರೆ ಮೂರು ವಾರ ಕೂರಿಸ್ತಾರೆ. ಅಷ್ಟರಲ್ಲಿ ನನ್ ಅಂಗೀನ ಆ ಕಾರ್ಕಿನವನಿಗೆ ಕೊಡ್ತಾರೆ. ಆಮೇಲೆ ವಾಪಸ್ ಸಿಗುತ್ತಾ?"

"ಕಾರ್ಕಿನವನಿಗಾ?" ಎಂದ ಮ್ಯಾಲಕಿ.

ಕಾರ್ಕ್ ಎಂದರೆ ನಮಗೆ ಹಳೆಯ ಪೈಪೋಟಿಯ ಊರು; ನಮ್ಮೂರಿನವನಿಗೆ ಕಾರ್ಕಿನವನ ಹೆಸರು ಹೇಳಿದರೆ ಬುದ್ಧಿ ಒಂದು ಕ್ಷಣ ರಜೆ ಹಾಕುತ್ತದೆ. ಮ್ಯಾಲಕಿಯ ಬುದ್ಧಿಯೂ ಹಾಕಿತು. ಫೋನನ್ನು ಜೇಬಿಗಿಟ್ಟ. ಅಮ್ಮನಿಗೂ ಹೇಳಬಾರದೆಂದು ಇಬ್ಬರೂ ಮಾತು ಮಾಡಿಕೊಂಡರು. ಹುಡುಗ ಒಂದು ರಾತ್ರಿ ನಿದ್ದೆ ಮಾಡಿ ಎದ್ದರೆ ಸರಿಹೋಗುತ್ತಾನೆ ಎಂದುಕೊಂಡು ಮನೆಗೆ ಬಂದರು.

ಸರಿಹೋಗಲಿಲ್ಲ. ಬೆಳಗ್ಗೆ ಪರದೆ ಸರಿಸಿದರೆ ಸಿಡುಕುತ್ತಿದ್ದ. ರೇಡಿಯೋ ಹಾಕಿದರೆ ಎದ್ದು ಹೋಗುತ್ತಿದ್ದ. ಯಾರೋ ಹುಡುಗಿ ಕೈಕೊಟ್ಟಿರಬೇಕು ಎಂದು ತಾಯಿ ನೂಲಾ ಅವನ ತಟ್ಟೆಗೆ ಎರಡು ಆಲೂಗೆಡ್ಡೆ ಹೆಚ್ಚಿಗೆ ಹಾಕಿದಳು. ಮ್ಯಾಲಕಿಗೆ ಅದು ಬಿಸಿ ತುಪ್ಪವಾಯಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಇದರ ಮೇಲೆ ಅವನು ಇನ್ನೊಂದು ಕೆಲಸ ಮಾಡಿದ. ಇದನ್ನು ಬರೆಯುವಾಗ ನನಗೇ ಅವನ ಕೆನ್ನೆಗೆ ಬಾರಿಸಬೇಕೆನಿಸುತ್ತದೆ. ಡಿಸೆಂಬರಿನಲ್ಲಿ ಫ್ರಾನ್ಸಿಗೆ ಹೊರಡುವ ಮುಂಚಿನ ಭಾನುವಾರ, ನೂಲಾ ಚರ್ಚಿಗೆ ಹೋಗಿದ್ದಾಗ, ಮಗನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿಕೊಂಡ.

"ತಲೆಗೆ ಪೆಟ್ಟು ಬಿದ್ರೆ ಡಾಕ್ಟ್ರು ಓಡಿ ಬಂದು ಕೇಳೋದು ಐದೇ ಪ್ರಶ್ನೆ. ಇದು ಯಾವ ಮೈದಾನ? ಎಷ್ಟನೇ ಅರ್ಧ? ಕೊನೇಲಿ ಪಾಯಿಂಟು ಹೊಡೆದವ್ರು ಯಾರು? ಹೋದ ಪಂದ್ಯ ಯಾರ ಜೊತೆ? ಗೆದ್ರಾ ಸೋತ್ರಾ? ಕೊನೇ ಎರಡನ್ನ ಬೆಳಗ್ಗೇನೇ ಬಾಯಿಪಾಠ ಮಾಡ್ಕೋ. ಮಿಕ್ಕಿದ್ದೆಲ್ಲ ಸ್ಕೋರ್‌ಬೋರ್ಡ್ ಮೇಲೇ ಇರುತ್ತೆ. ಬಿದ್ದ ತಕ್ಷಣ ಏಳ್ಬೇಡ. ಬೂಟಿನ ಲೇಸ್ ಕಟ್ಕೊಳ್ಳೋ ಹಾಗೆ ಕೂತು, ಬೋರ್ಡ್ ನೋಡ್ಕೋ."

"ಪರವಾಗಿಲ್ಲಪ್ಪ, ಬಸ್ ಓಡ್ಸೋನ ತಲೆ ಚೆನ್ನಾಗೇ ಓಡುತ್ತೆ," ಎಂದು ಲೋರ್ಕನ್ ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ. ಮ್ಯಾಲಕಿಯೂ ನಕ್ಕ.

ಫ್ರಾನ್ಸಿನಲ್ಲಿ ಇಪ್ಪತ್ತು ನಿಮಿಷದೊಳಗೆ ಲೋರ್ಕನ್ ಬಿದ್ದ. ಮೊಣಕಾಲೂರಿ ಕೂತು ಬೂಟಿನ ಲೇಸ್ ಬಿಚ್ಚಿದ, ಕಟ್ಟಿದ. ತಲೆಯೆತ್ತಿ ಸ್ಕೋರ್‌ಬೋರ್ಡ್ ನೋಡಿದ. ಡಾಕ್ಟರು ಏನೋ ಕೇಳಿದರು, ಇವನು ಏನೋ ಹೇಳಿದ, ಅವರು ಹೆಬ್ಬೆರಳೆತ್ತಿ ಹೊರಗೆ ಬಂದರು. ಆ ಊರಿನ ಚಳಿಯಲ್ಲಿ, ಕೆಂಪು ಟೋಪಿ ಹಾಕಿಕೊಂಡು ಹಾಡುತ್ತಿದ್ದ ನಮ್ಮವರ ನಡುವೆ, ಮ್ಯಾಲಕಿಗೆ ಬೆವರು ಕಿತ್ತುಕೊಂಡಿತು. ಆ ಲೇಸಿನ ಅರ್ಥ ಇಡೀ ಮೈದಾನದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಮಗನಿಗೆ ತಾನೆಲ್ಲಿದ್ದೇನೆಂದು ತಿಳಿಯದು ಎಂದರ್ಥ.

ಆಮೇಲೆ ಭಯ ಅವನ ಜೊತೆಯಲ್ಲೇ ಏಳತೊಡಗಿತು, ಜೊತೆಯಲ್ಲೇ ಬಸ್ಸು ಹತ್ತತೊಡಗಿತು. ಎರಡು ಸ್ಟಾಪುಗಳಲ್ಲಿ ಬಸ್ಸು ನಿಲ್ಲಿಸುವುದನ್ನೇ ಮರೆತು ಜನರಿಂದ ಬೈಸಿಕೊಂಡ. ಲೈಬ್ರರಿಯಲ್ಲಿ ಒಂದು ಪುಸ್ತಕ ತೆಗೆದು, ಮಾಗದ ತಲೆಗೆ ಮತ್ತೆ ಪೆಟ್ಟು ಬಿದ್ದರೆ ಆ ಒಂದೇ ಪೆಟ್ಟಿಗೆ ಪ್ರಾಣ ಹೋಗಬಹುದು ಎಂಬ ಸಾಲು ಓದಿ, ಪುಸ್ತಕವನ್ನು ಬೇರೆ ಯಾವುದೋ ಕಪಾಟಿನಲ್ಲಿ ತುರುಕಿ ಬಂದ. ಜನವರಿಯಲ್ಲಿ ತಂಡ ಮತ್ತೆರಡು ಪಂದ್ಯ ಗೆದ್ದಿತು. ಗೆದ್ದಾಗಲೆಲ್ಲ ಮ್ಯಾಲಕಿಯ ಎದೆ ಕುಸಿಯುತ್ತಿತ್ತು, ಏಕೆಂದರೆ ಗೆದ್ದರೆ ಇನ್ನೊಂದು ಪಂದ್ಯ. ಸೋಲಲಿ ಎಂದು ಹರಕೆ ಹೊರೋಣವೆಂದರೆ ನಾಲಿಗೆ ಏಳುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಧೈರ್ಯ ಮಾಡಿ, ಡಾಕ್ಟರಿಗೆ ಎಲ್ಲ ಹೇಳಿಬಿಡುತ್ತೇನೆಂದು ಅಭ್ಯಾಸದ ಮೈದಾನದ ಗೇಟಿನ ತನಕ ಹೋದ. ಗೇಟಿನವನು ಅವನನ್ನು ಕಂಡು ಕೈ ಕುಲುಕಿದ. "ಬಾರಪ್ಪ ಫಾದರ್ ಶ್! ನಿನ್ ಮಗ ಈ ಸಲ ಕಪ್ ತರ್ತಾನೆ ನೋಡು. ನಮ್ಮಪ್ಪ ಅದನ್ನ ನೋಡಿ ಸಾಯ್ತೀನಿ ಅಂತ ಹಟ ಹಿಡಿದು ಕೂತವ್ನೆ." ಮ್ಯಾಲಕಿ ಆ ಮುದುಕನ ಆರೋಗ್ಯ ವಿಚಾರಿಸಿಕೊಂಡು ವಾಪಸಾದ. ಕ್ವಾರ್ಟರ್ ಫೈನಲ್ ಒಂದು ಮುಗಿಯಲಿ ಎಂದುಕೊಂಡ.

ಏಪ್ರಿಲಿನ ಶನಿವಾರ ಮಧ್ಯಾಹ್ನ ಕ್ವಾರ್ಟರ್ ಫೈನಲ್, ನಮ್ಮದೇ ಮೈದಾನದಲ್ಲಿ, ಫ್ರೆಂಚರ ಮೇಲೆ. ಮಗ ಕೆಸರಲ್ಲಿ ಬೀಳುವುದನ್ನು ನೋಡಲಾರೆ ಎಂದು ಯಾವತ್ತೂ ಬಾರದ ನೂಲಾ ಅಂದು ಬಂದಳು. ಎದುರಿನ ಸ್ಟ್ಯಾಂಡಿನಲ್ಲಿ ಆಟಗಾರರ ಮನೆಯವರ ಸೀಟು ಅವಳದು. ಮ್ಯಾಲಕಿ ತನ್ನ ಕಂಬಿಯ ಹತ್ತಿರವೇ ನಿಂತ.

ಎಪ್ಪತ್ತಾರನೇ ನಿಮಿಷಕ್ಕೆ ನಾವು ಎರಡು ಪಾಯಿಂಟು ಹಿಂದೆ. ಫ್ರೆಂಚರ ಮೊದಲ ಸಾಲಿನವನೊಬ್ಬ, ಬೀರುವಿನಂಥ ಆಳು, ಚೆಂಡು ತಬ್ಬಿಕೊಂಡು ನುಗ್ಗಿ ಬಂದ. ಲೋರ್ಕನ್ ಅಡ್ಡ ಬಿದ್ದ. ತಲೆ ಅವನ ಸೊಂಟಕ್ಕೆ ಬಡಿದ ಸದ್ದು ಮೆಟ್ಟಿಲುಗಳ ತನಕ ಬಂತೆಂದು ಮ್ಯಾಲಕಿ ಇವತ್ತಿಗೂ ಹೇಳುತ್ತಾನೆ. ಚೆಂಡು ಜಾರಿತು, ಎಳೆದಾಟವಾಯಿತು, ರೆಫ್ರಿ ಸೀಟಿ ಊದಿದ. ಪೆನಾಲ್ಟಿ ನಮಗೆ!

"ಮೂರು ಪಾಯಿಂಟು! ಹೊಡೆದ್ರೆ ಗೆದ್ವಿ!" ಎಂದು ಪ್ಯಾಕಿ ಕುಣಿದ. "ನಿನ್ ಮಗ ಎಲ್ಲೋ? ಏ, ನೋಡು, ಲೇಸ್ ಕಟ್ಕೊಂಡ್ ಕೂತವ್ನೆ ಮಹಾರಾಯ!"

ಲೋರ್ಕನ್ ಮೊಣಕಾಲೂರಿ ಕೂತಿದ್ದ. ಲೇಸ್ ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ತಲೆಯೆತ್ತಿ ಸ್ಕೋರ್‌ಬೋರ್ಡನ್ನು ಬಹಳ ಹೊತ್ತು ನೋಡಿದ. ತಂಡದ ಡಾಕ್ಟರಮ್ಮ ಓಡಿಬಂದು ಅವನ ಮುಂದೆ ಕೂತು ಐದು ಪ್ರಶ್ನೆ ಕೇಳಿದಳು. ಐದಕ್ಕೂ ಉತ್ತರ ಬಂದಿರಬೇಕು. ಅವನ ಬೆನ್ನು ತಟ್ಟಿ ಹೊರಟಳು. ಯಾರೋ ಅವನ ಕೈಗೆ ಚೆಂಡು ಕೊಟ್ಟರು.

ಮೈದಾನ ಸ್ತಬ್ಧವಾಯಿತು.

ನಮ್ಮಲ್ಲಿ ಆ ನಿಶ್ಶಬ್ದ ಬಂದಾಗ ಬಾವುಟದ ಹಗ್ಗ ಕಂಬಕ್ಕೆ ತಾಗುವುದೂ ಕೇಳುತ್ತದೆ. ಮ್ಯಾಲಕಿಯ ಬಾಯಿ ತೆರೆದೇ ಇತ್ತು. ಒಂದು ಮಾತು ಸಾಕಾಗಿತ್ತು. 'ಡಾಕ್ಟ್ರೇ' ಎಂದಿದ್ದರೆ ಕೆಳಗೆ ಗೆರೆಯ ಬಳಿ ನಿಂತಿದ್ದ ಅವಳು ತಿರುಗುತ್ತಿದ್ದಳು. ಕೂಗು, ಕೂಗು ಎಂದು ಒಳಗಿನಿಂದ ಯಾರೋ ಒದೆಯುತ್ತಿದ್ದರು. ಅವನು ಸ್ಕೋರ್‌ಬೋರ್ಡ್ ನೋಡಿದ. ಎರಡೇ ಪಾಯಿಂಟು. ಕಿಕ್ ಒಂದು ಮುಗಿಯಲಿ, ಎಂದುಕೊಂಡ. ಹತ್ತು ಸೆಕೆಂಡು. ಒದೆಯುವಾಗ ಯಾರೂ ಅವನನ್ನು ಮುಟ್ಟುವುದಿಲ್ಲವಲ್ಲ. ಮುಗಿದ ತಕ್ಷಣ ಕೂಗುತ್ತೇನೆ.

ಲೋರ್ಕನ್ ನಾಲ್ಕು ಹೆಜ್ಜೆ ಹಿಂದೆ ಹೋದ, ಎರಡು ಹೆಜ್ಜೆ ಎಡಕ್ಕೆ. ಎಂಟು ವರ್ಷದವನಿದ್ದಾಗಿನಿಂದ ಕಲಿತದ್ದನ್ನು ಕಾಲು ತಾನೇ ಮಾಡಿತು. ಚೆಂಡು ಎದ್ದಿತು, ಬಾಗಿತು, ಕಂಬಗಳ ನಡುವೆ ಹಾಯಿತು.

ಆಗ ಮ್ಯಾಲಕಿ ಕೂಗಿದ. "ಹೊರಗೆ ಕರೀರಿ ಅವನನ್ನ! ಅವನಿಗೆ ಏನೂ ಗೊತ್ತಾಗ್ತಿಲ್ಲ!" ತನ್ನ ಕೂಗು ಅವನಿಗೇ ಕೇಳಿಸಲಿಲ್ಲ. ಇಪ್ಪತ್ತಾರು ಸಾವಿರ ಗಂಟಲು ಒಟ್ಟಿಗೆ ಬಿಚ್ಚಿದ್ದವು. ಪ್ಯಾಕಿ ಅವನ ಎರಡೂ ಕೆನ್ನೆಗೆ ಮುತ್ತಿಟ್ಟ. ಅಳುತ್ತಿದ್ದಾನೆಂದು ಕಂಡು ಇನ್ನೂ ಒಂದು ಕೊಟ್ಟ.

ಆಟ ಮತ್ತೆ ಶುರುವಾಗಿತ್ತು. ಆ ಬೀರುವಿನಂಥವನು ಮತ್ತೆ ಚೆಂಡಿಗಾಗಿ ಕೈಚಾಚಿದ್ದ. ಮ್ಯಾಲಕಿ ಜನರ ಕಾಲು ತುಳಿದು, ಮೊಣಕೈಯಿಂದ ತಿವಿದು, ಮೆಟ್ಟಿಲಿಳಿದು, ಜಾಹೀರಾತಿನ ಹಲಗೆ ಹಾರಿ ಗೆರೆಯ ಬಳಿ ಬಿದ್ದ. ಇಬ್ಬರು ಕಾವಲಿನವರು ಹಿಡಿದುಕೊಂಡರು. ಅಷ್ಟರಲ್ಲಿ ಡಾಕ್ಟರಮ್ಮನ ಕೋಟಿನ ತೋಳು ಅವನ ಕೈಗೆ ಸಿಕ್ಕಿತ್ತು.

"ಅವನು ಸರಿಯಾಗೇ ಉತ್ತರ ಹೇಳಿದ್ನಲ್ಲ ಸರ್," ಎಂದಳು ಅವಳು.

"ನಾನು ಕಲಿಸಿಕೊಟ್ಟಿದ್ದಮ್ಮಾ! ಬೋರ್ಡ್ ನೋಡಿ ಹೇಳು ಅಂತ ನಾನೇ ಕಲಿಸಿದ್ದು!"

ಅವಳ ಮುಖದ ಬಣ್ಣ ಹೋಯಿತು. ರೆಫ್ರಿಯ ಕಡೆ ಕೈಬೀಸುತ್ತ ಒಳಗೆ ಓಡಿದಳು.

ಲೋರ್ಕನ್‌ನನ್ನು ಕರೆತಂದರು. ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಗೆಲುವಿನ ಕಿಕ್ ಹೊಡೆದವನಿಗೆ ವಿಶ್ರಾಂತಿ ಕೊಟ್ಟರೆಂದೇ ಎಲ್ಲರೂ ತಿಳಿದರು. ಕಾವಲಿನವರ ಕೈಯಲ್ಲಿ ಸಿಕ್ಕಿಕೊಂಡಿದ್ದ ಅಪ್ಪನನ್ನು ಕಂಡು ಅವನು ನಿಂತ.

"ಅಪ್ಪ, ನೀನ್ಯಾಕೆ ಇಲ್ಲಿಗೆ ಬಂದೆ? ಇನ್ನೂ ಆಟ ಶುರುನೇ ಆಗಿಲ್ವಲ್ಲ," ಎಂದ.

ಆಟದಲ್ಲಿ ಉಳಿದಿದ್ದ ಎರಡು ನಿಮಿಷ ಹೇಗೋ ಕಳೆಯಿತು. ತಂಡ ಒಂದು ಪಾಯಿಂಟಿನಿಂದ ಗೆದ್ದಿತು. ಮೆಟ್ಟಿಲುಗಳ ಕೆಳಗಿನ ಡಾಕ್ಟರ ಕೋಣೆಯಲ್ಲಿ ಲೋರ್ಕನ್ ಬಕೆಟ್ಟಿಗೆ ವಾಂತಿ ಮಾಡುತ್ತಿದ್ದ. ಎದುರಿನ ಸ್ಟ್ಯಾಂಡಿನಿಂದ ಓಡಿಬಂದಿದ್ದ ನೂಲಾ ಅವನ ಹಣೆ ಹಿಡಿದು ನಿಂತಿದ್ದಳು. ಡಾಕ್ಟರಮ್ಮ ಟಾರ್ಚಿನಿಂದ ಅವನ ಕಣ್ಣು ನೋಡಿದಳು, ಮತ್ತೆ ನೋಡಿದಳು, ಆಂಬುಲೆನ್ಸ್ ಬೇಗ ತರಿಸಿ ಎಂದು ಯಾರಿಗೋ ಹೇಳಿದಳು.

"ಎಷ್ಟು ದಿನದಿಂದ ಹೀಗೆ?" ಎಂದು ಮ್ಯಾಲಕಿಯನ್ನು ಕೇಳಿದಳು. "ನಿಜ ಹೇಳಿ. ಆಸ್ಪತ್ರೆಯವರಿಗೆ ನಾನು ತಿಳಿಸ್ಬೇಕು."

"ಅಕ್ಟೋಬರಿನಿಂದ."

ನೂಲಾಳ ಕೈ ಮಗನ ಹಣೆಯ ಮೇಲೇ ಇತ್ತು. ಕತ್ತು ಮಾತ್ರ ತಿರುಗಿತು.

"ಇವತ್ತು? ಇವತ್ತು ನಿಂಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಲು ಅವನಿಗೆ ಹೆದರಿಕೆಯಾಯಿತು. "ಲೇಸ್ ಕಟ್ದಾಗ. ಕಿಕ್ಕಿಗೆ ಮುಂಚೆ."

"ಒಂದು ಸೊಳ್ಳೆ ಹಾರಿದ್ರೂ ಕೇಳೋ ಹಾಗಿತ್ತಲ್ಲೋ ಮ್ಯಾಲಕಿ," ಎಂದಳು ನೂಲಾ. ದನಿ ಏರಿಸಲಿಲ್ಲ. "ನೀನೊಂದು ಸಲ ಕೂಗಿದ್ರೆ ನಂಗೂ ಕೇಳ್ತಿತ್ತು."

ಆಂಬುಲೆನ್ಸಿಗೆ ಅವನೂ ಹತ್ತಲು ಹೋದ. ನೂಲಾ ಅಂಗೈ ಅಡ್ಡ ಹಿಡಿದಳು. ಬಾಗಿಲು ಹಾಕಿಕೊಂಡಿತು. ಕಿಟಕಿಯ ಗಾಜಿನಲ್ಲಿ ಮಗನ ಬೂಟಿನ ತುದಿಯಷ್ಟೇ ಕಂಡಿತು, ಅದು ಅಲುಗುತ್ತಿರಲಿಲ್ಲ. ಬದುಕಿದ್ದರೆ ಸಾಕು, ಇನ್ನೇನೂ ಬೇಡ, ಬದುಕಿದ್ದರೆ ಸಾಕು ಎಂದು ಮ್ಯಾಲಕಿ ಗಾಡಿಯ ಹಿಂದೆ ಹತ್ತು ಹೆಜ್ಜೆ ಓಡಿದ.

ಗೇಟಿನ ಹೊರಗೆ ರಸ್ತೆ ತುಂಬ ಕೆಂಪು ಅಂಗಿಗಳು. ಹಾಡುತ್ತಿದ್ದವರು ಆಂಬುಲೆನ್ಸಿಗೆ ದಾರಿ ಬಿಟ್ಟು ಮತ್ತೆ ಕೂಡಿಕೊಂಡರು. ಒಳಗಿರುವವನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಪ್ಯಾಕಿ ಮಾತ್ರ ಮ್ಯಾಲಕಿಯನ್ನು ಕಂಡುಬಿಟ್ಟ.

"ಬಂದ ನೋಡ್ರೋ, ಲೋರ್ಕನ್ ಅಪ್ಪ! ಎತ್ರೋ ಅವನನ್ನ!"

ಏನೆಂದು ತಿಳಿಯುವಷ್ಟರಲ್ಲಿ ಹತ್ತಾರು ಕೈಗಳು ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡವು. ಇಳಿಸಿ ಎನ್ನಲು ಬಾಯಿ ತೆರೆದವನು ಸುಮ್ಮನಾದ. ಮೇಲಿನಿಂದ ಆಂಬುಲೆನ್ಸ್ ಕಾಣುತ್ತಿತ್ತು. ಜನ ಅವನ ಹೆಸರು ಹಿಡಿದು ಕೂಗುತ್ತಿದ್ದರು, ಕಾಲು ಹಿಡಿದು ಕುಣಿಸುತ್ತಿದ್ದರು. ಅವನು ಬೀಳದ ಹಾಗೆ ಪ್ಯಾಕಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆ ನೀಲಿ ದೀಪ ರಸ್ತೆಯ ತಿರುವು ದಾಟುವ ತನಕ ನೋಡುತ್ತಲೇ ಇದ್ದ.