ಮೂರನೆಯ ಜಗ್ಗು

ಬಾವಿ ತೋಡುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಇಳಿಯುವವನು, ಇನ್ನೊಬ್ಬ ಮೇಲೆ ನಿಂತು ಹಗ್ಗ ಹಿಡಿಯುವವನು. ಇಳಿದವನಿಗೆ ಮೇಲಿನದು ಕಾಣುವುದಿಲ್ಲ, ಹಿಡಿದವನಿಗೆ ಕೆಳಗಿನದು ಕಾಣುವುದಿಲ್ಲ. ಒಬ್ಬನ ಅರ್ಧ ಕಣ್ಣು ಯಾವಾಗಲೂ ಇನ್ನೊಬ್ಬನ ಬಳಿ ಇರುತ್ತದೆ. ಹಾಗಾಗಿ ಈ ಕೆಲಸದಲ್ಲಿ ಸುಳ್ಳಿಗೆ ಜಾಗವಿಲ್ಲ.

ಹೀಗೆ ನಲವತ್ತು ವರ್ಷ ದುಡಿದ ಇಬ್ಬರು ಗೆಳೆಯರಿದ್ದರು. ಇಳಿಯುವವನನ್ನು ಜನ ಬಾವಿಯಣ್ಣ ಎನ್ನುತ್ತಿದ್ದರು. ಹಿಡಿಯುವವನಿಗೆ ಹಗ್ಗದಯ್ಯ ಎಂಬ ಹೆಸರು ಅಂಟಿಕೊಂಡಿತ್ತು. ಅವನ ಅಂಗೈಯಲ್ಲಿ ರೇಖೆಗಳೇ ಉಳಿದಿರಲಿಲ್ಲ. ಕೈ ನೋಡಿ ಭವಿಷ್ಯ ಹೇಳುತ್ತೇನೆಂದು ಬಂದವನೊಬ್ಬ, "ನಿನ್ನ ಹಣೆಬರಹ ಹಗ್ಗ ತಿಂದು ಹಾಕಿದೆಯಲ್ಲಯ್ಯ" ಎಂದು ಎದ್ದು ಹೋಗಿದ್ದನಂತೆ.

ಬಾವಿ ಆಳವಾದ ಮೇಲೆ ಕೂಗು ಕೆಲಸಕ್ಕೆ ಬರುವುದಿಲ್ಲ. ಮಾತು ಗೋಡೆಗೆ ಬಡಿದು ಒಂದು ಹತ್ತಾಗುತ್ತದೆ. ಅದಕ್ಕೇ ಅವರು ಹಗ್ಗದಲ್ಲೇ ಮಾತಾಡುತ್ತಿದ್ದರು. ಒಂದು ಸಲ ಜಗ್ಗಿದರೆ 'ಹೇಗಿದೆ?' ಎಂಬ ಪ್ರಶ್ನೆ. ಎರಡು ಸಲ ಜಗ್ಗಿದರೆ 'ಎಲ್ಲ ಸರಿ, ಮುಂದುವರಿಸು'. ಮೂರು ಸಲವಾದರೆ 'ಕೆಟ್ಟಿದೆ, ಸಾಕು ಮಾಡು'. ಬಿಡದೆ ಒಂದೇ ಸಮ ಎಳೆದರೆ 'ನನ್ನನ್ನು ಮೇಲೆತ್ತಿಕೋ'. ನಾಲ್ಕೇ ಮಾತಿನ ಭಾಷೆ. ದೇವರ ಜೊತೆ ಮಾತಾಡಲೂ ಇದಕ್ಕಿಂತ ಹೆಚ್ಚು ಬೇಕಾಗಲಿಕ್ಕಿಲ್ಲ ಎಂದು ಹಗ್ಗದಯ್ಯ ಎಷ್ಟೋ ಸಲ ಅಂದುಕೊಂಡಿದ್ದ.

ಒಮ್ಮೆ ಬಾವಿಯ ದಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಬಾವಿ ತೋಡಿಸುತ್ತಿದ್ದ ಯಜಮಾನ ಹತ್ತಿರ ಬಂದು, "ಈಗ್ಲೇ ಹೇಳ್ಬೇಡ ಕಣಯ್ಯ, ಇನ್ನೆರಡು ಮೊಳ ಹೋದ್ರೆ ನೀರು ಸಿಗುತ್ತೆ" ಎಂದು ಪಿಸುಗುಟ್ಟಿದ. ಹಗ್ಗದಯ್ಯ ಅವನ ಮುಖವನ್ನೂ ನೋಡದೆ ಮೂರು ಸಲ ಜಗ್ಗಿದ. ಬಾವಿಯಣ್ಣ ಮೇಲೆ ಬಂದು, ಮೈಯ ಮಣ್ಣು ಕೊಡವಿಕೊಂಡು, ನೀರಿನ ಚೊಂಬು ಬಾಯಿಗೆ ಹಿಡಿದಿದ್ದಾಗ ಗೋಡೆ ಕುಸಿಯಿತು. ಚೊಂಬನ್ನು ಕೆಳಗಿಟ್ಟು ಅವನು ಗೆಳೆಯನ ಕಡೆ ನೋಡಿದ. ಆಗ ಮಣ್ಣಿನ ದಿಬ್ಬದ ಮೇಲೆ ಕೂತು ಬೆರಳು ಮಡಿಸಿ ಜಗ್ಗುಗಳನ್ನು ಎಣಿಸುತ್ತಿದ್ದ ಬಾವಿಯಣ್ಣನ ಪುಟ್ಟ ಮಗಳು, "ಮೂರು! ನಾನೂ ಎಣಿಸ್ದೆ!" ಎಂದು ಕೂಗಿದ್ದಳು.

ಆ ಮಗಳು ಈಗ ದರ್ಜಿ ಕೆಲಸ ಮಾಡಿ ಸಂಸಾರ ನಡೆಸುವ ಹೆಂಗಸು. ಕಲ್ಲಿನ ಧೂಳು ಕುಡಿದು ಕುಡಿದು ಬಾವಿಯಣ್ಣನ ಎದೆ ಕೆಟ್ಟಿತ್ತು. ಮೂರು ದಿನಗಳಿಂದ ಅವನು ಆಸ್ಪತ್ರೆಯ ಆರನೆಯ ಕೋಣೆಯಲ್ಲಿದ್ದ. ಅಷ್ಟೂ ದಿನದಿಂದ ಮಗಳು ನಗುತ್ತಲೇ ಇದ್ದಳು.

ಆ ಬೆಳಿಗ್ಗೆ ಯಂತ್ರಗಳನ್ನು ನೋಡಿಕೊಳ್ಳುವ ಹೆಂಗಸು ಬಂದು ಗೋಡೆಯ ಮೇಲಿನ ದೊಡ್ಡ ಪರದೆಯನ್ನು ಒರೆಸಿದಳು.

"ಅಜ್ಜ, ಇವತ್ತು ಸಣ್ಣ ಕ್ಯಾಮೆರಾನ ಗಂಟಲೊಳಗೆ ಇಳಿಸಿ ನೋಡ್ತಾರೆ. ಮಂಪರಿರುತ್ತೆ, ನೋವಾಗಲ್ಲ. ಕ್ಯಾಮೆರಾದ ಗಾಡಿ ಕೋಣೆಯೊಳಗೆ ಬಂದ್ರೆ ಸಾಕು, ಚಿತ್ರ ತಾನಾಗೇ ಈ ಪರದೆ ಮೇಲೆ ಮೂಡುತ್ತೆ. ವೈರ್ ಬೇಡ, ಬಟನ್ ಒತ್ತೋದೂ ಬೇಡ."

"ವೈರಿಲ್ದೆ?" ಎಂದ ಹಗ್ಗದಯ್ಯ.

"ಗಾಳೀಲೇ ಬರುತ್ತೆ. ಒಂದನ್ನೊಂದು ಗುರುತು ಹಿಡೀತವೆ."

ಬಾವಿಯಣ್ಣ ಕೆಮ್ಮಿ, ಉಸಿರು ಕೂಡಿಸಿಕೊಂಡು ನಕ್ಕ. "ಕೇಳಿದ್ಯೇನೋ? ಹಗ್ಗ ಇಲ್ದೇ ಇಳಿಸ್ತಾರೆ, ಹಗ್ಗ ಇಲ್ದೇ ಎತ್ತುತಾರೆ. ನಿನ್ನ ಕೆಲಸ ಹೋಯ್ತು!"

"ನನ್ನ ಕೆಲಸ ಹೋದ್ರೆ ಹೋಗ್ಲಿ. ಬೆಂಕಿ ಬಿದ್ಮೇಲೆ ಬಾವಿ ತೋಡೋರನ್ನ ನೋಡಿದ್ದೆ. ಬಾವಿ ತೋಡೋನನ್ನೇ ತೋಡೋದನ್ನ ಇವತ್ತೇ ನೋಡ್ತಿರೋದು."

ಮಗಳೂ ನಕ್ಕಳು. ಆಮೇಲೆ ಯಂತ್ರದ ಹೆಂಗಸನ್ನು ಬಾಗಿಲ ಬಳಿ ಕರೆದು ಮೆಲ್ಲಗೆ ಏನೋ ಕೇಳಿಕೊಂಡಳು. ಅವಳು ತಲೆಯಾಡಿಸಿ, ಒಳಗೆ ಬಂದು ಗೋಡೆಯ ಪರದೆಯನ್ನು ಆರಿಸಿಬಿಟ್ಟಳು. ಗಾಡಿಯ ಮೇಲೆಯೇ ಡಾಕ್ಟರಿಗೆಂದು ಚಿಕ್ಕ ಪರದೆಯಿತ್ತು, ಅವರಿಗೆ ಅದು ಸಾಕು.

ಮಗಳು ಔಷಧಿ ತರಲು ಹೋದಾಗ ಬಾವಿಯಣ್ಣ ಗೆಳೆಯನ ಮೊಣಕೈ ಹಿಡಿದುಕೊಂಡ.

"ಲೋ, ಇಲ್ಲಿ ಕೇಳು. ಇವಳು ಮೂರು ದಿನದಿಂದ ಹಲ್ಲು ಬಿಡ್ತಾನೇ ಇದಾಳೆ. ಮೊದಲು ಹೀಗೆ ನಗ್ತಿರಲಿಲ್ಲ. ಡಾಕ್ಟ್ರು ನನ್ನ ಕಡೆ ಅಲ್ಲ, ಕಿಟಕಿ ಕಡೆ ನೋಡಿ ಮಾತಾಡ್ತಾರೆ. ಒಳಗೆ ಏನಿದೆ ಅಂತ ನೀನು ನಂಗೆ ಹೇಳ್ಬೇಕು."

"ನಂಗೇನು ಗೊತ್ತಾಗುತ್ತಣ್ಣ? ಅಕ್ಷರ ಬಾರದೋನು ನಾನು."

"ನೀರಿದ್ರೆ ತೋಡಿಸ್ಕೋತೀನಿ. ಸೂಜಿ, ಔಷಧಿ, ಏನ್ ಬೇಕಾದ್ರೂ ಮಾಡ್ಲಿ. ಬಂಡೆ ಅಂತಾದ್ರೆ ಸುಮ್ನೆ ಉಳಿ ಸವೆಸೋದು ನಂಗಿಷ್ಟ ಇಲ್ಲ. ಮನೆಗೆ ಹೋಗ್ತೀನಿ. ನನ್ನ ಬಾವಿ ಕಟ್ಟೆ ಮೇಲೆ ಕೂತ್ಕೋತೀನಿ. ಅಷ್ಟೇ."

"ಆಯ್ತು" ಎಂದ ಹಗ್ಗದಯ್ಯ. ತನಗೆ ತಿಳಿಯದ್ದನ್ನು ಹೇಳುವ ಪ್ರಸಂಗ ಎಲ್ಲಿ ಬರುತ್ತದೆ ಎಂಬ ಧೈರ್ಯದಿಂದಲೇ ಅವನು ಹಾಗೆಂದದ್ದು.

ಹೊರಗೆ ಬಂದರೆ ಹಜಾರದಲ್ಲಿ ಮಗಳು ಕಾಯುತ್ತಿದ್ದಳು. ನಗು ಇರಲಿಲ್ಲ.

"ಹಗ್ಗದ ಮಾಮ, ಅಪ್ಪ ನಿಮ್ಮ ಹತ್ರ ಕೇಳಿದ್ರು ಅಲ್ವಾ? ಏನೇ ಗೊತ್ತಾದ್ರೂ ಹೇಳ್ಬೇಡಿ. ಅಮ್ಮ ಹೋದಾಗ ನೆನಪಿದೆಯಲ್ಲ, ಒಂದು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ಮತ್ತೆ ಹಾಗೆ ಮಲಗಿದ್ರೆ ಏಳಲ್ಲ ಮಾಮ. ಆಸೆ ಇದ್ರೆ ಔಷಧಿ ತಗೋತಾರೆ, ಇನ್ನೂ ಸ್ವಲ್ಪ ದಿನ ಇರ್ತಾರೆ. ನಂಗೆ ಮಾತು ಕೊಡಿ."

ಎತ್ತಿ ಆಡಿಸಿದ ಮಗು. ಹಗ್ಗದಯ್ಯ ಅವಳಿಗೂ "ಆಯ್ತಮ್ಮ" ಎಂದ. ಒಂದೇ ಗಂಟೆಯೊಳಗೆ ಎರಡು ಕಡೆ ಮಾತು ಕೊಟ್ಟಾಗಿತ್ತು.

ಪರೀಕ್ಷೆ ಮುಗಿಯುವವರೆಗೆ ಅವನನ್ನು ಪಕ್ಕದ ಏಳನೆಯ ಕೋಣೆಯಲ್ಲಿ ಕೂರಿಸಿದರು. ಹಿಂದಿನ ದಿನ ಅಲ್ಲಿಂದ ಯಾರೋ ಗುಣವಾಗಿ ಹೋಗಿದ್ದರು. ಖಾಲಿ ಮಂಚ, ಮಡಿಸಿಟ್ಟ ಹೊದಿಕೆ, ನೆಲದಲ್ಲಿ ಫಿನಾಯಿಲ್ ವಾಸನೆ. ಆರನೆಯ ಕೋಣೆಯೊಳಗೆ ಗಾಡಿಯ ಚಕ್ರಗಳು ಉರುಳಿಹೋದ ಸದ್ದು ಕೇಳಿಸಿತು, ಬಾಗಿಲು ಮುಚ್ಚಿತು. ಹಗ್ಗದಯ್ಯ ಕಣ್ಣು ಮುಚ್ಚಿ ಕೈ ಮುಗಿದ. ಪ್ರಾರ್ಥನೆಯಲ್ಲಿ ಅವನು ಎಂದೂ ಹೆಚ್ಚು ಕೇಳಿದವನಲ್ಲ. 'ಇಳಿದಿದ್ದಾನೆ, ನೋಡಿಕೋ' ಎನ್ನುವುದಷ್ಟೇ. ನಲವತ್ತು ವರ್ಷವೂ ಅದೇ.

ಕಣ್ಣು ತೆರೆದಾಗ ಎದುರಿನ ಗೋಡೆಯ ಪರದೆ ಬೆಳಗಿತ್ತು.

ಯಾರೂ ಮುಟ್ಟಿರಲಿಲ್ಲ. ಪರದೆಯ ಮೇಲೆ ಒಂದು ಬಾವಿ ಇತ್ತು. ನಸುಗೆಂಪು ಗೋಡೆ, ಒದ್ದೆಯ ಹೊಳಪು, ಒಂದರ ಕೆಳಗೊಂದು ಕೂರಿಸಿದಂಥ ಬಳೆಗಳು. ಯಾರು ಕಟ್ಟಿದ್ದೋ, ಎಷ್ಟು ಅಚ್ಚುಕಟ್ಟು ಎಂದು ಅವನಿಗೆ ಮೊದಲು ಅನಿಸಿತು. ನೋಟ ಮೆಲ್ಲಗೆ ಕೆಳಗಿಳಿಯುತ್ತಿತ್ತು. ತಳದಲ್ಲಿ ದಾರಿ ಎರಡಾಯಿತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಕೆಮ್ಮು ಕೇಳಿಸಿತು. ಅದೇ ಕ್ಷಣ ಪರದೆಯ ಬಾವಿ ಇಡೀ ಅಲುಗಾಡಿತು. ಮತ್ತೊಂದು ಕೆಮ್ಮು, ಮತ್ತೆ ಅಲುಗಾಟ.

ಆ ಕೆಮ್ಮನ್ನು ಅವನು ಎಷ್ಟೋ ಬಾವಿಗಳ ತಳದಿಂದ ಕೇಳಿದ್ದ. ನಲವತ್ತು ವರ್ಷ ಆ ಮನುಷ್ಯ ಕೆಳಗೆ, ತಾನು ಮೇಲೆ. ಈಗ ಅವನೊಳಗೇ ತಾನು ಇಣುಕಿ ನೋಡುತ್ತಿದ್ದೇನೆ.

ನೋಡಬಾರದು ಅನಿಸಿತು. ಆದರೆ ಹಗ್ಗ ಹಿಡಿದವನಿಗೆ ಬಾವಿಯಿಂದ ಮುಖ ತಿರುಗಿಸಿ ಅಭ್ಯಾಸವಿಲ್ಲ.

ಒಂದು ಕಡೆಯ ದಾರಿ ತೆರೆದಿತ್ತು. ಇನ್ನೊಂದು ಕಡೆ ಗೋಡೆಯೇ ಒಳಕ್ಕೆ ಉಬ್ಬಿತ್ತು. ಮಣ್ಣಿನ ಉಬ್ಬಾದರೆ ಅವನಿಗೆ ಗೊತ್ತು, ಕೆರೆದರೆ ಉದುರುತ್ತದೆ. ಇದು ಹಾಗಿರಲಿಲ್ಲ. ಇದು ಬದಿಯಿಂದ ಚಾಚಿಕೊಂಡ ಬಂಡೆ. ಬೇರೆಲ್ಲೋ ಹುಟ್ಟಿ, ದಾರಿ ಮಾಡಿಕೊಂಡು ಬಂದು, ಇಲ್ಲಿ ತಲೆ ಹಾಕಿದ್ದು. ಉಳಿದಿದ್ದು ಒಂದು ಬೆಳಕಿಂಡಿಯಷ್ಟು ಸಂದು. ಕ್ಯಾಮೆರಾ ಅದರ ಬಳಿ ಹೋಗಿ, ನಿಂತು, ಹಿಂದೆ ಬಂತು.

ಯಂತ್ರದ ಹೆಂಗಸು ಓಡಿಬಂದಳು. "ಅಯ್ಯೋ!" ಎಂದು ಪರದೆಯನ್ನು ಆರಿಸಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. "ತಪ್ಪಾಯ್ತಜ್ಜ. ಆ ಕೋಣೆಯ ಪರದೆ ಆರಿಸಿದ್ದೆ. ಅಲ್ಲಿ ಸಿಗ್ಲಿಲ್ಲ ಅಂತ ಇದು ಹತ್ತಿರ ಇರೋ ಇನ್ನೊಂದನ್ನ ತಾನೇ ಹುಡುಕ್ಕೊಂಡು ಬಂದಿದೆ. ಹಾಗೆ ಬರದ ಹಾಗೆ ತಡೆ ಹಾಕ್ಬೇಕಿತ್ತು, ನಾನು ಮರೆತೆ. ಮೇಲಿನವರಿಗೆ ನಾನೇ ಬರೆದು ತಿಳಿಸ್ತೀನಿ."

"ಆ ಕಲ್ಲು ತೆಗೀಬಹುದಾ ತಾಯಿ?"

"ನಾನು ಯಂತ್ರ ನೋಡ್ಕೊಳ್ಳೋಳಜ್ಜ. ಅದನ್ನ ಡಾಕ್ಟ್ರೇ ಹೇಳ್ಬೇಕು."

ಡಾಕ್ಟರು ಹೇಳಿದ್ದು ಮಗಳಿಗೆ, ಹಜಾರದಲ್ಲಿ. ಹಗ್ಗದಯ್ಯ ಜೊತೆಗಿದ್ದ. ಹಿಂದಿನ ಪರೀಕ್ಷೆಗಳು ಹೇಳಿದ್ದೇ ನಿಜ. ಗಡ್ಡೆಯನ್ನು ಕತ್ತರಿಸಿ ತೆಗೆಯುವ ಹಂತ ದಾಟಿದೆ. ಔಷಧಿ ಹನಿಸಿದರೆ ಕೆಲವು ತಿಂಗಳು ಸಿಗಬಹುದು, ಆದರೆ ಅದರಲ್ಲಿ ಬಹುಪಾಲು ಇಲ್ಲೇ ಕಳೆಯಬೇಕು. "ಅವರನ್ನೂ ಒಂದು ಮಾತು ಕೇಳಿ" ಎಂದು ಡಾಕ್ಟರು ಹೋದರು.

"ನಾನು ನೋಡಿಬಿಟ್ಟೆ ಮಗಳೇ" ಎಂದ ಹಗ್ಗದಯ್ಯ. ನಡೆದದ್ದನ್ನು ಹೇಳಿದ.

ಅವಳು ಗೋಡೆಗೆ ಒರಗಿದಳು. "ನಾನು ಮುಚ್ಚಿದ್ದಕ್ಕೇ ನಿಮಗೆ ಕಾಣ್ತಾ?"

"ಹಾಗೇ ಇರ್ಬೇಕು."

"ಆದ್ರೂ ಹೇಳ್ಬೇಡಿ ಮಾಮ. ನಿಮ್ಮ ಕಾಲಿಗೆ ಬೀಳ್ತೀನಿ."

ಹಗ್ಗದಯ್ಯನಿಗೆ ನುಂಗಲೂ ಆಗದು, ಉಗುಳಲೂ ಆಗದು. ಇವಳ ಕಣ್ಣೀರು ಸುಳ್ಳಲ್ಲ. ಒಳಗೆ ಮಲಗಿದವನಿಗೆ ಕೊಟ್ಟ ಮಾತೂ ಸುಳ್ಳಲ್ಲ.

ಆರನೆಯ ಕೋಣೆಯಲ್ಲಿ ಬಾವಿಯಣ್ಣ ದಿಂಬಿಗೆ ಒರಗಿ ಕೂತಿದ್ದ. ಗಂಟಲು ಇನ್ನೂ ಮರಗಟ್ಟಿತ್ತು. "ಎರಡು ಗಂಟೆ ನೀರೂ ಇಲ್ಲ, ಮಾತೂ ಇಲ್ಲ" ಎಂದು ನರ್ಸ್ ಎಚ್ಚರಿಸಿ ಹೋಗಿದ್ದಳು. ಮಂಪರು ಮಾತ್ರ ಪೂರ್ತಿ ಇಳಿದಿತ್ತು, ಕಣ್ಣು ತಿಳಿಯಾಗಿತ್ತು. ಮಗಳು ಮುಖಕ್ಕೆ ನಗು ತಂದುಕೊಂಡು, "ಎಲ್ಲ ಚೆನ್ನಾಗಿದೆಯಂತೆ ಅಪ್ಪ" ಎಂದಳು. ಅವನು ಅವಳ ತಲೆ ಸವರಿದ. ಆಮೇಲೆ ಗೆಳೆಯನ ಕಡೆ ತಿರುಗಿ, ಮಂಚದ ಕಂಬಿಯ ಮೇಲಿದ್ದ ಉದ್ದನೆಯ ಟವೆಲನ್ನು ಎಳೆದುಕೊಂಡು, ಒಂದು ತುದಿಯನ್ನು ತನ್ನ ಮುಷ್ಟಿಗೆ ಸುತ್ತಿ, ಇನ್ನೊಂದು ತುದಿಯನ್ನು ಅವನ ಕಡೆ ಎಸೆದ.

ಹಗ್ಗದಯ್ಯನ ಕೈ ಅದನ್ನು ತಾನಾಗಿ ಹಿಡಿಯಿತು.

ಬಾವಿಯಣ್ಣ ಒಂದು ಸಲ ಜಗ್ಗಿದ.

ಹೇಗಿದೆ?

ಮಗಳು ಮಂಚದ ಕಾಲ ಬಳಿ ಕಲ್ಲಿನಂತೆ ನಿಂತಳು. ಅವಳಿಗೆ ಈ ಭಾಷೆ ಗೊತ್ತು. ಅಕ್ಷರ ಕಲಿಯುವ ಮೊದಲೇ ಅವಳು ಇದನ್ನು ಕಲಿತಿದ್ದಳು.

ಹಗ್ಗದಯ್ಯ ಒಂದು ಸಲ ಜಗ್ಗಿದ. ಎರಡನೆಯ ಸಲ ಜಗ್ಗಿದ. ಅಲ್ಲಿಗೆ ಅವನ ಕೈ ನಿಂತಿತು. ಮಗಳ ಕಣ್ಣುಗಳು 'ಸಾಕು, ಸಾಕು' ಎನ್ನುತ್ತಿದ್ದವು. ಎರಡಕ್ಕೆ ನಿಂತರೆ ಎಲ್ಲ ಸರಿ ಎಂದರ್ಥ. ಎರಡಕ್ಕೆ ನಿಂತರೆ ನಲವತ್ತು ವರ್ಷದಲ್ಲಿ ಮೊದಲ ಸುಳ್ಳು.

ಬಾವಿಯಣ್ಣ ಕಾದ. ಅವನ ಮುಖದಲ್ಲಿ ಸಂತೋಷ ಮೂಡಲಿಲ್ಲ. ಆ ಎರಡು ಜಗ್ಗುಗಳಲ್ಲಿ ಇದ್ದ ನಡುಕವನ್ನು ಅವನ ಕೈ ಓದಿಬಿಟ್ಟಿತ್ತು. ಅವನು ಗೆಳೆಯನನ್ನು ನೋಡಿದ, ಮಗಳನ್ನು ನೋಡಿದ. ಆಮೇಲೆ ಮುಷ್ಟಿಗೆ ಸುತ್ತಿದ್ದ ಟವೆಲನ್ನು ನಿಧಾನವಾಗಿ ಬಿಚ್ಚತೊಡಗಿದ. ಎಂಥ ಬಾವಿಯಲ್ಲೂ, ಕಲ್ಲು ಉರುಳಿದಾಗಲೂ, ನೀರು ನುಗ್ಗಿದಾಗಲೂ, ತನ್ನ ಕಡೆಯ ತುದಿಯನ್ನು ಅವನು ಕೈಬಿಟ್ಟವನಲ್ಲ. ಈಗ ಒಂದು ಸುತ್ತು ಬಿಚ್ಚಿದ. ಎರಡನೆಯದನ್ನೂ ಬಿಚ್ಚಿದ. ಮುಖ ಗೋಡೆಯ ಕಡೆಗೆ ತಿರುಗತೊಡಗಿತು.

ಅದನ್ನು ಮಗಳು ನೋಡಿದಳು. ಯಾವುದಕ್ಕೆ ಅವಳು ಇಷ್ಟು ದಿನ ಹೆದರಿದ್ದಳೋ ಅದೇ ಅವಳ ಕಣ್ಣೆದುರು, ಅವಳ ನಗುವಿನ ಕಾರಣಕ್ಕೇ ನಡೆಯುತ್ತಿತ್ತು.

ಅವಳು ಬಂದು ಹಗ್ಗದಯ್ಯನ ಹಿಂದೆ ನಿಂತಳು. ಭಾರ ಹೆಚ್ಚಾದಾಗ ಇನ್ನೊಬ್ಬರು ಬಂದು ನಿಲ್ಲುವ ಜಾಗ ಅದು. ಅವನ ಎರಡು ಕೈಗಳ ನಡುವೆ ತನ್ನ ಕೈ ಸೇರಿಸಿ, ಟವೆಲನ್ನು ಹಿಡಿದು, ಮೂರನೆಯ ಸಲ ಜಗ್ಗಿದಳು.

"ಮೂರು, ಅಪ್ಪ" ಎಂದಳು. ದನಿ ಒಡೆದಿತ್ತು. "ನಾನೂ ಎಣಿಸ್ದೆ."

ಬಾವಿಯಣ್ಣನ ಮುಖ ಗೋಡೆಯಿಂದ ಇತ್ತ ತಿರುಗಿತು. ತುಂಬ ಹೊತ್ತು ಮಗಳನ್ನೇ ನೋಡಿದ. ಕಣ್ಣಂಚಿನಿಂದ ಇಳಿದ ನೀರನ್ನು ಒರೆಸಿಕೊಳ್ಳಲಿಲ್ಲ. ಕೆಳಗೆ ಜಾರುತ್ತಿದ್ದ ಟವೆಲಿನ ತುದಿಯನ್ನು ಹಿಡಿದು ಮತ್ತೆ ಮುಷ್ಟಿಗೆ ಸುತ್ತಿಕೊಂಡ, ಒಂದು ಸುತ್ತು, ಎರಡು ಸುತ್ತು, ಎಂದಿನಂತೆ ಬಿಗಿಯಾಗಿ.

ಆಮೇಲೆ ಬಿಡದೆ ಒಂದೇ ಸಮ ಎಳೆದ. ನನ್ನನ್ನು ಮೇಲೆತ್ತಿಕೋ.

ಹಗ್ಗದಯ್ಯ ಹಳೆಯ ಅಭ್ಯಾಸದಂತೆ ಹಿಮ್ಮಡಿಯನ್ನು ಮಂಚದ ಕಾಲಿಗೆ ಊರಿದ. "ಬಾರಣ್ಣ, ಮನೆಗೆ" ಎಂದ. "ಹಿಡ್ಕೊಂಡಿದೀವಿ."