ಹದಿನೇಳನೇ ಗುಂಡಿಯ ಪಕ್ಕದ ಕಲ್ಲು

ಮೂವತ್ತೊಂದು ವರ್ಷ ನೀರು ಸರಬರಾಜು ಕಚೇರಿಯಲ್ಲಿ ದುಡಿದೆ, ಒಂದು ದಿನವೂ ಕನ್ನಡಕ ಹಾಕಿದವನಲ್ಲ. ನೆಲದಡಿಯ ಕೊಳವೆ ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಒಂದು ಕಬ್ಬಿಣದ ಸಲಾಕೆ, ಒಂದು ಕಿವಿ ಸಾಕಿತ್ತು. ಸಲಾಕೆಯ ತುದಿಯನ್ನು ರಸ್ತೆಗೆ ಊರಿ ಇನ್ನೊಂದು ತುದಿಗೆ ಕಿವಿ ಕೊಟ್ಟರೆ ನೀರು ತನ್ನ ಕಷ್ಟಸುಖ ಹೇಳಿಕೊಳ್ಳುತ್ತಿತ್ತು. ಹಾಗಿರುವಾಗ, ನಿವೃತ್ತಿಗೆ ಒಂಬತ್ತೇ ದಿನ ಉಳಿದಿದ್ದಾಗ, ದೊಡ್ಡ ಇಂಜಿನಿಯರ್ ನನ್ನನ್ನು ಕರೆದು, "ನೆಲದಡಿಯ ಕೊಳವೆ ತೋರಿಸೋ ಹೊಸ ಕನ್ನಡಕ ಬಂದಿವೆ. ತರಬೇತಿಗೆ ನೀವೂ ಬನ್ನಿ. ಅದರೊಳಗಿನ ನಕ್ಷೆ ಸರಿ ಇದೆಯಾ ನೋಡಿ ಒಂದು ಸಹಿ ಹಾಕಿ" ಎಂದರು. ನನಗೆ ರೇಗಿತು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸಾರ್?" ಎಂದೆ.

"ಅಂಗೈ ನಿಮ್ಮದು. ನೀವು ಮನೆಗೆ ಹೋದ್ಮೇಲೆ ನಾವು ಯಾರ ಅಂಗೈ ನೋಡೋಣ?"

ಗೊಣಗುತ್ತಲೇ ತರಬೇತಿಗೆ ಹೋದೆ.

ಮೀಟರ್ ರಿಪೇರಿಯ ಹಳೆಯ ಶೆಡ್ಡನ್ನು ಗುಡಿಸಿ ತರಬೇತಿ ಕೋಣೆ ಮಾಡಿದ್ದರು. ಗೋಡೆಯ ಗ್ರೀಸ್ ಕಲೆ ಹಾಗೇ ಇತ್ತು, ನೆಲಕ್ಕೆ ಮಾತ್ರ ಹೊಸ ರಬ್ಬರ್ ಚಾಪೆ. ಕಲಿಸಲು ಬಂದವರಿಗೆ ನಾವು ಇಟ್ಟ ಹೆಸರು ಕನ್ನಡಕದ ಮೇಡಂ. ಅವರ ಸ್ವಂತ ಮೂಗಿನ ಮೇಲೆ ಕನ್ನಡಕವೇ ಇರಲಿಲ್ಲ ಎನ್ನುವುದು ನಮ್ಮ ತಮಾಷೆ. ಕಲಿಯುವ ಆರು ಜನರಲ್ಲಿ ಒಬ್ಬಳು ನನ್ನ ಕಿರಿಮಗಳು. ನನ್ನ ಶಿಫಾರಸಿಲ್ಲದೆ ಪರೀಕ್ಷೆ ಬರೆದು ಕೆಲಸ ಹಿಡಿದವಳು. ಬರುವ ಗುರುವಾರ ಹದಿನೆಂಟನೇ ಗುಂಡಿಗೆ ಇಳಿದು ತುಕ್ಕು ಹಿಡಿದ ಕೊಳವೆಯ ಜೋಡಣೆ ಬಿಚ್ಚಿ ಹೊಸದು ಹಾಕುವ ಕೆಲಸ ಅವಳ ಪಾಲಿಗೆ ಬಂದಿತ್ತು. ಆಳೆತ್ತರಕ್ಕಿಂತ ಆಳದ ಗುಂಡಿ ಅದು. ಇಳಿಯುವ ಮೊದಲು ಹದಿನೇಳನೇ ಗುಂಡಿಯ ವಾಲ್ವ್ ಮುಚ್ಚಿ ನೀರು ನಿಲ್ಲಿಸಬೇಕು.

"ಮೊದಲು ಹಿರಿಯರು" ಎಂದು ಮೇಡಂ ಡಬ್ಬದಂಥ ಕನ್ನಡಕವನ್ನು ನನ್ನ ತಲೆಗೆ ಬಿಗಿದರು. ಶೆಡ್ ಮಾಯವಾಯಿತು. ನಾನು ಹದಿನೆಂಟನೇ ಗುಂಡಿಯ ತಳದಲ್ಲಿ ನಿಂತಿದ್ದೆ. ಸುತ್ತ ಅದೇ ಪಾಚಿಗಟ್ಟಿದ ಇಟ್ಟಿಗೆ, ತಲೆಯ ಮೇಲೆ ದುಂಡಗಿನ ಬೆಳಕು. ಏಣಿಯ ಮೂರನೇ ಮೆಟ್ಟಿಲು ಸೊಟ್ಟಗಿದೆಯಲ್ಲ, ಅದನ್ನೂ ಬಿಟ್ಟಿರಲಿಲ್ಲ! ಹತ್ತಲು ಕಾಲೆತ್ತಿದೆ. ಏಣಿ ಎಲ್ಲಿ, ಶೆಡ್ ಎಲ್ಲಿ? ಮುಗ್ಗರಿಸಿದಾಗ ಮಗಳು ಬಂದು ರಟ್ಟೆ ಹಿಡಿದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಇಲ್ಲದ ಗುಂಡಿಯೊಂದು ನನ್ನ ಮೈಯನ್ನು ನಂಬಿಸಿಬಿಟ್ಟಿತ್ತು, ಅದಕ್ಕೆ ನಿಜವಾಗಿ ಬೆರಗಾಗಿದ್ದೆ.

ಆಮೇಲೆ ಮಗಳ ಸರದಿ. ಅವಳು ಕಾಣುತ್ತಿದ್ದುದೆಲ್ಲ ಗೋಡೆಯ ಪರದೆಯಲ್ಲಿ ನಮಗೂ ಕಾಣುತ್ತಿತ್ತು. ಹದಿನೇಳರ ವಾಲ್ವನ್ನು ಇಪ್ಪತ್ತೆರಡು ಸುತ್ತು ಎಣಿಸಿ ಮುಚ್ಚಿದಳು. ಹದಿನೆಂಟಕ್ಕೆ ಇಳಿದಳು. ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಕೊಳವೆ ಬಾಯಿಬಿಟ್ಟಿತು, ಒಳಗೆ ಒಣಗಿತ್ತು. "ನೂರಕ್ಕೆ ನೂರು!" ಎಂದರು ಮೇಡಂ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಪರದೆಯ ಹತ್ತಿರ ಹೋಗಿ ಆ ಒಣ ಕೊಳವೆಯನ್ನೇ ದಿಟ್ಟಿಸಿದೆ. ಏಕೆಂದರೆ ನಿಜವಾದ ಹದಿನೇಳನೇ ವಾಲ್ವ್ ಮುಚ್ಚಿದರೆ ನೀರು ನಿಲ್ಲುವುದಿಲ್ಲ, ಮತ್ತು ಅದು ಬದುಕಿರುವವರಲ್ಲಿ ನನಗೊಬ್ಬನಿಗೇ ಗೊತ್ತು.

ಊರಿನ ವಾಲ್ವ್‌ಗಳೆಲ್ಲ ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ. ಹದಿನೇಳರದು ಮಾತ್ರ ಹಳೇ ಕಾಲದ್ದು, ಎಡಕ್ಕೆ ಮುಚ್ಚುವಂಥದ್ದು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಮುಚ್ಚಲು ಹೋಗಿ ಅದನ್ನು ಬಲಕ್ಕೆ ತಿರುಗಿಸಿದೆ. ಮೊದಲೇ ಪೂರ್ತಿ ತೆರೆದಿದ್ದುದನ್ನು ಇನ್ನೂ ತೆರೆಯಲು ಹೆಣಗಿದಂತಾಯಿತು. ಹರೆಯದ ಕೊಬ್ಬು, ಬಲ ಹಾಕಿದೆ. ಒಳಗಿನ ಸರಳು ಮುರಿದು, ನೀರು ತಡೆಯುವ ಬಾಗಿಲು ಕೆಳಗೆ ಬಿದ್ದು ಕಚ್ಚಿಕೊಂಡಿತು, ಇಡೀ ಬೀದಿಗೆ ನೀರು ನಿಂತಿತು. ನನ್ನ ಕೆಲಸ ಹೋಗಬಾರದೆಂದು ನನ್ನ ಮೇಸ್ತ್ರಿ, ಪುಣ್ಯಾತ್ಮ, ಸೋರಿಕೆ ರಿಪೇರಿಯ ನೆಪ ಹೇಳಿ, ನನ್ನೊಬ್ಬನನ್ನೇ ಜೊತೆಗಿಟ್ಟುಕೊಂಡು, ಆ ವಾಲ್ವನ್ನು ಸುತ್ತಿ ಹೋಗುವ ಪಕ್ಕದ ಕೊಳವೆಯೊಂದನ್ನು ಹಾಕಿದ. ಅದಕ್ಕೊಂದು ಪುಟ್ಟ ವಾಲ್ವ್, ಅದರ ಮೇಲೊಂದು ಹಾಸುಗಲ್ಲು. ಬೀದಿಗೆ ನೀರು ಹೋಗುವುದು ಈಗ ಅದರಲ್ಲೇ, ಕಾಗದದಲ್ಲಿ ಮಾತ್ರ ಏನೂ ಇಲ್ಲ. ಮುರಿದ ಸರಳಿನ ಮೇಲರ್ಧ ಇಪ್ಪತ್ತೆರಡನೇ ಸುತ್ತಿಗೆ ಬಿಗಿಯಾಗಿ ನಿಲ್ಲುತ್ತದೆ, ಮುಚ್ಚಿತೆಂದು ಎಂಥವರೂ ನಂಬುವ ಹಾಗೆ.

ಅಂದಿನಿಂದ ಆ ಬೀದಿಯ ನೀರು ನಿಲ್ಲಿಸಲು ನಾನೇ ಬೇಕಾಯಿತು. ಜೊತೆಯವರನ್ನು ಏನಾದರೂ ತರಲು ಅಟ್ಟಿ, ಕಲ್ಲೆತ್ತಿ, ಪುಟ್ಟ ವಾಲ್ವ್ ಮುಚ್ಚುತ್ತಿದ್ದೆ. "ಅವರ ಕೈಗುಣ ಅಂದ್ರೆ ಕೈಗುಣ, ನೀರೂ ಮಾತು ಕೇಳುತ್ತೆ" ಎಂದು ಕಚೇರಿಯೆಲ್ಲ ಹೊಗಳಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಆ ಹೊಗಳಿಕೆ ಕುಡಿದೆ. ಅದನ್ನು ನಂಬಿದವರಲ್ಲಿ ಮಗಳೂ ಇದ್ದಳು. ಅಪ್ಪನ ಕೈಗುಣದ ಕತೆ ಕೇಳಿಯೇ ಅವಳು ಈ ಕೆಲಸಕ್ಕೆ ಬಂದದ್ದು.

ಗುರುವಾರ ಮೆಲ್ಲಗೆ ಹೋಗಿ ಕಲ್ಲೆತ್ತಿ ಮುಚ್ಚಿಬಿಟ್ಟರಾಯಿತು ಎಂದುಕೊಂಡೆ. ಆದರೆ ಆಮೇಲಿನ ಗುರುವಾರಗಳು?

ಮಧ್ಯಾಹ್ನ ಮೇಡಂ ನಮ್ಮನ್ನು ಬೀದಿಗೆ ಕರೆದುಕೊಂಡು ಹೋದರು. ಈ ಸಲ ಕೊಟ್ಟದ್ದು ಹೊರಗಿನದೂ ಕಾಣುವ ಕನ್ನಡಕ. "ರಸ್ತೆ ನೋಡಿ" ಎಂದರು. ನೋಡಿದೆ.

ಅಯ್ಯೋ, ಹೇಗೆ ಹೇಳಲಿ! ರಸ್ತೆ ಇದ್ದಲ್ಲೇ ಇತ್ತು, ಬಸ್ಸು ಹೋಗುತ್ತಿತ್ತು, ಒಬ್ಬಾಕೆ ಅಂಗಡಿಯ ಬಾಗಿಲು ಒರೆಸುತ್ತಿದ್ದಳು. ಅವರೆಲ್ಲರ ಕಾಲಡಿ ನೆಲ ತಿಳಿನೀರಿನಂತೆ ತೆರೆದುಕೊಂಡಿತ್ತು. ಅದರಲ್ಲಿ ನೀಲಿ ಕೊಳವೆಗಳು: ದೊಡ್ಡದು, ಅದರಿಂದ ಕವಲು, ಕವಲಿನಿಂದ ಮನೆಮನೆಗೆ ಎಳೆ, ಎಲೆಯ ನರಗಳ ಹಾಗೆ. ಮೂವತ್ತೊಂದು ವರ್ಷ ಕತ್ತಲಲ್ಲಿ ದನಿಯಿಂದಷ್ಟೇ ಗುರುತಿದ್ದವರೆಲ್ಲ ಒಮ್ಮೆಲೇ ಮುಖ ತೋರಿಸಿದ್ದರು. ಇಗೋ ಇಲ್ಲಿ ನಾನು ಹಾಕಿದ ಮೊಣಕೈಯಂಥ ಕೊಳವೆಯ ತಿರುವು, ಅಗೋ ಅಲ್ಲಿ ಮೇಸ್ತ್ರಿಯ ಬೆಸುಗೆ. ಕೂತುಬಿಟ್ಟೆ, ರಸ್ತೆಯಂಚಿನಲ್ಲೇ. ಕಣ್ಣಲ್ಲಿ ನೀರು ಬಂತು.

"ಏನಾಯ್ತಪ್ಪ?" ಎಂದಳು ಮಗಳು.

"ಏನಿಲ್ಲ. ಚೆನ್ನಾಗಿದೆ ಕಣೇ. ಇಷ್ಟು ಚೆನ್ನಾಗಿದೆ ಅಂತ ನನಗೆ ಗೊತ್ತಿರಲಿಲ್ಲ."

ನಡೆಯುತ್ತ ಹದಿನೇಳನೇ ಗುಂಡಿ ಬಂತು. ಕಲ್ಲಿನ ಕಡೆ ತಿರುಗಿದೆ. ಅದರ ಕೆಳಗೆ ಏನೂ ಇರಲಿಲ್ಲ, ಬರೀ ಮಣ್ಣಿನ ಬಣ್ಣ. ಊರಿನ ಗುಟ್ಟೆಲ್ಲ ಹೊರಬಿದ್ದಿತ್ತು, ನನ್ನದೊಂದು ಮಾತ್ರ ಬೆಚ್ಚಗೆ ಮಲಗಿತ್ತು.

"ನಕ್ಷೆ ಸರಿ ಇದೆಯಾ?" ಎಂದು ಮೇಡಂ ಸಹಿಯ ಹಾಳೆ ಚಾಚಿದರು. ಮಗಳು ನಕ್ಕು, "ತಪ್ಪಿದ್ರೆ ಅಪ್ಪ ಬಿಡ್ತಾರಾ?" ಎಂದಳು.

ಹಾಳೆ ಹಿಂದಕ್ಕೆ ಕೊಟ್ಟೆ. ಹಾರೆ ತೆಗೆದುಕೊಂಡು ಎಲ್ಲರೆದುರು ಕಲ್ಲೆತ್ತಿದೆ. ಪುಟ್ಟ ವಾಲ್ವ್ ಬಿಸಿಲು ಕಂಡಿತು. ಬಲಕ್ಕೆ ತಿರುಗಿಸಿದ್ದು, ಮುರಿದದ್ದು, ಮುಚ್ಚಿಟ್ಟದ್ದು, ಒಂದೂ ಬಿಡದೆ ಹೇಳಿದೆ. ನನ್ನ ದನಿ ನನಗೇ ಯಾರದೋ ಎನಿಸಿತು.

ಮಗಳು ಕನ್ನಡಕ ತೆಗೆದಳು. ಹೋಗಿ ಹದಿನೇಳನ್ನು ಮುಚ್ಚಿದಳು, ಇಪ್ಪತ್ತೆರಡು ಸುತ್ತು, ಗಟ್ಟಿಯಾಗಿ ಎಣಿಸುತ್ತ. ಬೀದಿ ಕೊನೆಯ ನಲ್ಲಿ ತಿರುಗಿಸಿದಳು. ನೀರು ಭರ್ರೆಂದು ಅವಳ ಪಾದದ ಮೇಲೆ ಸುರಿಯಿತು. ಅದನ್ನೇ ನೋಡುತ್ತ ನಿಂತಳು.

"ಗುರುವಾರ ನಾನು ಇಳೀತಿದ್ದೆ, ಅಪ್ಪ."

"ಹೌದು."

"ಬೋಲ್ಟ್ ಬಿಚ್ಚುತ್ತಿದ್ದೆ."

"ಹೌದಮ್ಮ."

ಮತ್ತೆ ಮಾತಾಡಲಿಲ್ಲ, ಅಂದೂ ಇಲ್ಲ, ಮರುದಿನವೂ ಇಲ್ಲ. ಮನೆಯಲ್ಲಿ ಅವಳ ಮೌನದ ಎದುರು ದೊಡ್ಡ ಇಂಜಿನಿಯರ್ ಕೊಟ್ಟ ವಿಚಾರಣೆಯ ಕಾಗದ ನನಗೆ ಏನೂ ಅನಿಸಲಿಲ್ಲ.

ಕಲ್ಲೆತ್ತಿದ ಆ ಮಧ್ಯಾಹ್ನವೇ ಮೇಡಂ ನನ್ನ ಮೂಗಿಗೆ ಮತ್ತೆ ಕನ್ನಡಕ ಏರಿಸಿ, "ಎಲ್ಲಿಂದ ಎಲ್ಲಿಗೆ ಅಂತ ಬೆರಳಲ್ಲಿ ತೋರಿಸಿ" ಎಂದಿದ್ದರು. ಗಾಳಿಯಲ್ಲಿ ಬೆರಳಾಡಿಸಿದೆ. ಬೆರಳು ಹೋದಲ್ಲೆಲ್ಲ ನೆಲದೊಳಗೆ ನೀಲಿ ಗೆರೆಯೊಂದು ಹಿಂಬಾಲಿಸಿ ಬಂತು, ಕಲ್ಲಿನಡಿ ಬಾಗಿ, ದೊಡ್ಡ ಕೊಳವೆಯನ್ನು ಸೇರಿತು. ನಾಚಿಕೆಯಿಂದ ಸಾಯುವಂತಾಗಿದ್ದರೂ ಬೆರಗು ತಡೆಯಲಾಗಲಿಲ್ಲ. ನನ್ನ ತಪ್ಪೂ ಅಷ್ಟೇ ಚಂದವಾಗಿ ಹೊಳೆಯುತ್ತಿತ್ತು.

ಗುರುವಾರ ಬೆಳಗ್ಗೆ ಯಾರೂ ಕರೆಯದಿದ್ದರೂ ಹೋದೆ. ಮಗಳು ಕನ್ನಡಕ ತೊಟ್ಟು ಕಲ್ಲಿನ ಬಳಿ ಮಂಡಿಯೂರಿದ್ದಳು. ಪುಟ್ಟ ವಾಲ್ವನ್ನು ತಾನೇ ಮುಚ್ಚಿದಳು, ಬೀದಿ ನಲ್ಲಿ ತಿರುಗಿಸಿ ನೋಡಿದಳು, ಆಮೇಲೆ ಹದಿನೆಂಟಕ್ಕೆ ಇಳಿದಳು. ಮೂರನೇ ಮೆಟ್ಟಿಲನ್ನು ದಾಟಿ ಕಾಲಿಟ್ಟಳು. ನಾನು ಮೇಲೆ ನಿಂತೆ, ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಕೈಗೆ ಕೆಲಸವಿಲ್ಲದೆ. ಬೋಲ್ಟುಗಳ ಸದ್ದು ಎಣಿಸಿದೆ. ಆರು, ಏಳು, ಎಂಟು. ಕೊಳವೆ ಬಾಯಿಬಿಟ್ಟ ಸದ್ದಾಯಿತು. ಗುಂಡಿಯ ಬಾಯಿಗೆ ಬಗ್ಗಿದೆ.

"ಅಪ್ಪಾ," ಎಂದಿತು ಗುಂಡಿಯ ತಳದಿಂದ ದನಿ, ಎರಡು ದಿನದ ಮೇಲೆ. "ಒಂದು ಹನಿನೂ ಇಲ್ಲ."